ಬಾಗಿಲಿಲ್ಲದ ಬಚ್ಚಲು

"ಸ್ಟೂಲು ಗಟ್ಟಿಯಾಗಿ ಹಿಡ್ಕೊಳ್ಳಿ. ನಾನು ಬಿದ್ದು ಸತ್ತರೆ ಈ ಮನೆಗೆ ಎರಡನೇ ಹೆಣ ಆಗುತ್ತೆ," ಎಂದೆ.

ಆ ಮನೆಯ ಅಳಿಯ ಎರಡೂ ಕೈಯಲ್ಲಿ ಸ್ಟೂಲು ಹಿಡಿದ. ಅವನ ಹೆಂಡತಿ ಬಾಗಿಲಲ್ಲಿ ನಿಂತು ಮುಖ ಕಿವುಚಿದಳು. ಬಾಗಿಲು ಎನ್ನುವುದು ಬಾಯಿಮಾತು. ಅಲ್ಲಿದ್ದದ್ದು ಬರೀ ಚೌಕಟ್ಟು.

ಮಹಡಿಯ ಆ ಹೊಸ ಬಚ್ಚಲಿನಲ್ಲಿ ಬಾಗಿಲೊಂದು ಬಿಟ್ಟು ಎಲ್ಲವೂ ಇತ್ತು. ಮುಖ ಕಾಣುವಂಥ ಟೈಲ್ಸು, ಮಿರಮಿರ ಮಿನುಗುವ ನಲ್ಲಿಗಳು, ತಲೆಯ ಮೇಲೆ ಬಿಳಿ ಹಲಗೆಗಳ ಫಾಲ್ಸ್ ಸೀಲಿಂಗು. ಗಾಳಿಗೆಂದು ಇದ್ದ ಸಣ್ಣ ಕಿಟಕಿಗೆ ಅಂದಕ್ಕೆಂದು ಗಾಜು ಕೂರಿಸಿ ಸುತ್ತ ಅಂಟು ಬಳಿದು ಮುಚ್ಚಿದ್ದರು. ಮೂಲೆಯಲ್ಲಿ ಗ್ಯಾಸ್ ಗೀಸರ್. ಅದರ ನೆತ್ತಿಯಿಂದ ಎದ್ದ ಹೊಗೆಕೊಳವೆ ಸೀಲಿಂಗಿನೊಳಗೆ ಹೋಗಿತ್ತು. ಅಲ್ಲಿಂದ ಗೋಡೆ ತೂರಿ ಹೊರಗೆ ಹೋಗಿದೆ ಎಂದು ನೋಡಿದವರು ಅಂದುಕೊಳ್ಳಬೇಕು.

ನಾನು ಒಂದು ಹಲಗೆ ಎತ್ತಿ ಟಾರ್ಚು ಬಿಟ್ಟೆ. ಕೊಳವೆ ಹಲಗೆಯಿಂದ ಒಂದು ಗೇಣು ಮೇಲೆ ಬಂದು ಅಲ್ಲೇ ನಿಂತಿತ್ತು. ಗೋಡೆಯಲ್ಲಿ ತೂತೇ ಇರಲಿಲ್ಲ. ಗೀಸರ್ ಹಚ್ಚಿದರೆ ಅದರ ವಿಷಗಾಳಿಯೆಲ್ಲ ಹಲಗೆಯ ಸಂದುಗಳಿಂದ ಸ್ನಾನಕ್ಕೆ ನಿಂತವರ ಮೂಗಿಗೇ ವಾಪಸು ಇಳಿಯಬೇಕು.

"ಕೆಳಗಿನ ಬಚ್ಚಲ ಹಾಗೇನಾ ಮೇಡಂ?" ಹೆಂಡತಿ ಕೇಳಿದಳು.

"ಒಂದೇ ಅಚ್ಚು," ಎಂದೆ.

ಕೆಳಗಿನ ಬಚ್ಚಲಿಗೆ ಪೊಲೀಸರ ಬೀಗ ಬಿದ್ದಿತ್ತು. ಹೋದ ವಾರ ಇವಳ ತಾಯಿ, ಈ ಮನೆಯ ಯಜಮಾನಿ, ಅದರೊಳಗೆ ಮೊದಲ ಸಲ ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು. ಒಡೆದು ನೋಡಿದಾಗ ಮೈಮೇಲೆ ಒಂದು ಗೀರಿಲ್ಲ, ಉಸಿರೂ ಇಲ್ಲ. ಕೆಲಸ ಮಾಡಿದ ಕಂಟ್ರಾಕ್ಟರ್ ಈಗ ಲಾಕಪ್ಪಿನಲ್ಲಿ ಕೂತಿದ್ದಾನೆ.

ಅಂದಮೇಲೆ ನನಗೇನು ಕೆಲಸ? ಅದನ್ನೇ ನಾನೂ ಕೇಳಿದ್ದೆ.

ನನ್ನ ಕಸುಬು ಗಂಡು ವಿಚಾರಿಸುವುದು. ಹುಡುಗ ಕುಡೀತಾನಾ, ಬೇರೆ ಕಡೆ ಸಂಸಾರ ಇದೆಯಾ, ಸಿಟ್ಟು ಬಂದರೆ ಕೈ ಎತ್ತುತ್ತಾನಾ ಎಂದು ಹೆಣ್ಣು ಹೆತ್ತವರು ಕೇಳುತ್ತಾರೆ, ನಾನು ಹುಡುಕಿ ಹೇಳುತ್ತೇನೆ. ಜನ ನನ್ನನ್ನು ಎದುರಿಗೆ ಮೇಡಂ ಅನ್ನುತ್ತಾರೆ, ಬೆನ್ನ ಹಿಂದೆ ಜರಡಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರಿಗೆ ಎರಡು ಕಡೆಯ ಮೋಸವೂ ಒಂದೇ ಜಾತಿಯದು ಎಂದು ಗೊತ್ತಿದ್ದಿರಬೇಕು. ಎರಡರಲ್ಲೂ ಜನ ಇಸ್ತ್ರಿ ಮಾಡಿದ ಅಂಗಿ ನೋಡುತ್ತಾರೆ, ನಗು ನೋಡುತ್ತಾರೆ, ಯಾರೋ ಹೇಳಿದ ಒಳ್ಳೇ ಮಾತು ಕೇಳುತ್ತಾರೆ, ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ.

ಈ ಹುಡುಗಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ನನ್ನ ಹತ್ತಿರ ಬಂದು ಕೇಳಿದ್ದು ಒಂದೇ ಮಾತು.

"ಆ ಕಂಟ್ರಾಕ್ಟರನ್ನ ಆರಿಸಿದ್ದು ನಾನು ಮೇಡಂ. ಅಮ್ಮನ್ನ ನಾನೇ ಕೊಂದ್ನಾ? ಅದೊಂದು ಹೇಳಿಬಿಡಿ. ಹೌದಾದ್ರೆ ಹೌದು ಅನ್ನಿ."

ಊಟ ಬಿಟ್ಟಿದ್ದಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಇನ್ನೂ ಸ್ವಲ್ಪ ದಿನ ಹೀಗೇ ಬಿಟ್ಟರೆ ಇವಳೂ ಉಳಿಯುವುದಿಲ್ಲ ಎಂದು ನೋಡಿದ ಯಾರಿಗಾದರೂ ತಿಳಿಯುವಂತಿತ್ತು. ಹಾಗಾಗಿ ಒಪ್ಪಿಕೊಂಡೆ.

ಸ್ಟೂಲಿನಿಂದ ಇಳಿದು ಕೈಯ ಧೂಳು ಒರೆಸಿಕೊಂಡೆ. "ಇನ್ನೊಂದು ಸಲ ಹೇಳಮ್ಮ. ಮೂರು ಜನ ಬಂದಿದ್ರು ಅಂದೆ."

"ಮೊದಲನೆಯವರು ಸಿಡುಕ. ಗೋಡೆ ಒಡೀಬೇಕು, ಮನೆಯೆಲ್ಲ ಧೂಳಾಗುತ್ತೆ, ಬೇಕಾದ್ರೆ ಮಾಡಿಸಿ, ಇಲ್ದಿದ್ರೆ ಬಿಡಿ ಅಂದ್ರು. ಎರಡನೆಯವರು ಗೀಸರ್ ಬಚ್ಚಲ ಒಳಗೆ ಬೇಡ, ಹೊರಗೆ ಬಾಲ್ಕನೀಲಿ ಹಾಕೋಣ ಅಂದ್ರು. ಚೆಂದ ಕಾಣಲ್ಲ ಅಂತ ನಾನೇ ಬೇಡ ಅಂದೆ." ಅವಳು ಮೂಲೆಯ ಗೀಸರಿನ ಕಡೆ ನೋಡಿದಳು. "ಚೆಂದ ಕಾಣಲ್ಲ ಅಂತ, ಮೇಡಂ."

"ಮೂರನೆಯವನು?"

"ನಗ್ತಾ ಬಂದ್ರು. ಗೋಡೆಗೆ ಒಂದು ಗೀರೂ ಬೀಳಲ್ಲಮ್ಮ ಅಂದ್ರು. ನನ್ನ ಮಾತು ನಂಬಬೇಡಿ, ನಾನು ಕೆಲಸ ಮಾಡಿದ ಮನೆ ಹೋಗಿ ನೋಡಿ, ಆ ಮನೆಯವರನ್ನೇ ಕೇಳಿ ಅಂತ ಒಬ್ಬರು ಟೀಚರ ಮನೆ ತೋರಿಸಿದ್ರು. ರಿಟೈರಾದ ಹೆಡ್‌ಮೇಡಂ. ಅವರು ಹೇಳಿದ್ರು: ಒಳ್ಳೇ ಮನುಷ್ಯ, ಮಾತಿಗೆ ತಪ್ಪಲ್ಲ, ಕೆಲಸ ಅಚ್ಚುಕಟ್ಟು, ಕಣ್ಮುಚ್ಚಿ ಕೊಡಬಹುದು. ಅಂಥೋರು ಹೇಳಿದ್ಮೇಲೆ..."

"ನೀವೇನಂದ್ರಿ?" ಅಳಿಯನ ಕಡೆ ತಿರುಗಿದೆ.

"ನಾನೇನನ್ನಲಿ ಮೇಡಂ. ಅವಳ ಅಮ್ಮನ ಮನೆ, ಅವಳ ಇಷ್ಟ. ನೀನೇ ಆರಿಸು ಅಂದೆ." ಅವನು ಹೆಂಡತಿಯ ಹೆಗಲ ಮೇಲೆ ಕೈ ಇಟ್ಟ. "ನಿನ್ನ ತಪ್ಪಲ್ಲ ಕಣೇ. ಆರಿಸಿದ್ದು ನೀನೇ ಆದ್ರೂ ನಿನ್ನ ತಪ್ಪಲ್ಲ. ಎಷ್ಟು ಸಲ ಹೇಳ್ಬೇಕು?"

ಪ್ರತಿ ಸಲ ಹೇಳಿದಾಗಲೂ ಅವಳು ಒಂದಿಷ್ಟು ಕುಗ್ಗುತ್ತಿದ್ದಳು. ಸಮಾಧಾನ ಹೇಳಲೂ ಬಾರದ ಗಂಡಸರ ಪೈಕಿ ಇವನೊಬ್ಬ ಎಂದುಕೊಂಡೆ. ಉಳಿದಂತೆ ಬೀದಿಯವರೆಲ್ಲ ಅಳಿಯ ಅಂದರೆ ಹೀಗಿರಬೇಕು ಎನ್ನುವ ಜಾತಿ. ಅತ್ತೆಗೆ ಮಾತ್ರೆ ತಂದುಕೊಡುವವನು, ಅತ್ತೆಯ ಬಟ್ಟೆ ಒಣಗಿಸುವವನು. ಆ ದಿನ ಹೆಂಡತಿ ಅಂಗಡಿಗೆ ಹೋದಾಗ ಅತ್ತೆಗೆ ಗೀಸರ್ ಹಚ್ಚಿಕೊಟ್ಟವನೂ ಅವನೇ.

"ನನಗೆ ಒಂದು ಮಾತ್ರ ಅರ್ಥ ಆಗಿಲ್ಲ," ಎಂದೆ. "ಚಿಲಕ."

ಹುಡುಗಿ ತಲೆ ಎತ್ತಿದಳು. "ನಂಗೂ ಅದೇ ಮೇಡಂ. ಅಮ್ಮಂಗೆ ಜಾರಿ ಬೀಳೋ ಭಯ. ಬಚ್ಚಲಿಗೆ ಹೋದ್ರೆ ಬಾಗಿಲು ಬರೀ ಮುಂದೆ ಮಾಡ್ತಿದ್ಳೇ ಹೊರತು ಚಿಲಕ ಹಾಕ್ತಿರಲಿಲ್ಲ. ವರ್ಷಗಳ ಅಭ್ಯಾಸ. ಅವತ್ತು ಯಾಕೆ ಹಾಕಿದ್ಳು?"

"ಕೆಲಸದವರು ಓಡಾಡ್ತಿದ್ರಲ್ಲ," ಅಳಿಯ ಮೆಲ್ಲಗೆ ಹೇಳಿದ. "ನಾಚಿಕೆ ಆಗಿರ್ಬೇಕು ಪಾಪ."

ಇರಬಹುದು. ಆದರೂ ಆ ಮಾತು ನನ್ನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಕೂತಿತು.

"ಇಲ್ಲಿಗೆ ಬಾಗಿಲು ಯಾವಾಗ?"

"ಇವತ್ತೇ ಬಡಗಿ ತಂದು ಕೂರಿಸ್ತಾನೆ. ಇವಳು ಪಕ್ಕದ ಮನೆಯವರ ಬಚ್ಚಲಲ್ಲಿ ಎಷ್ಟು ದಿನ ಅಂತ ಸ್ನಾನ ಮಾಡ್ತಾಳೆ? ಅವರು ಮುಖ ಸಿಂಡರಿಸ್ತಾರೆ, ಇವಳು ಬಂದು ಅಳ್ತಾಳೆ," ಎಂದ ಅಳಿಯ. "ಗೀಸರ್ ಕಂಪನಿಯವರಿಗೂ ಹೇಳಿದೀನಿ. ಬಂದು ಪೈಪ್ ಸರಿಮಾಡ್ತಾರೆ."

"ಬಾಗಿಲು ಬೇಕಾದರೆ ಹಾಕಿಸಿ. ಗೀಸರ್ ಯಾರೂ ಮುಟ್ಟಬಾರದು."

ನಾನು ಹೇಳಿ ಮುಗಿಸುವ ಮೊದಲೇ ಅವನು ಹೊರಗೆ ಹೋಗಿ ಸಿಲಿಂಡರಿನ ರೆಗ್ಯುಲೇಟರ್ ಕಳಚಿ, ನನಗೆ ಕಾಣುವಂತೆ ಮೊಳೆಗೆ ನೇತುಹಾಕಿದ. ಹೇಳುವ ಮೊದಲೇ ಮಾಡುವ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ನನಗೂ ಒಂದು ಕ್ಷಣ ಅನ್ನಿಸಿತು. ಆ ರೆಗ್ಯುಲೇಟರನ್ನು ನನ್ನ ಚೀಲಕ್ಕೆ ಹಾಕಿಕೊಂಡು ಬರಬಹುದಿತ್ತು. ಬರಲಿಲ್ಲ.

ಹುಡುಗಿಯ ಗಲ್ಲ ಹಿಡಿದು ಹೇಳಿದೆ: "ನಾನು ಸರಿ ಅನ್ನೋವರೆಗೂ ಇದರೊಳಗೆ ನೀನು ಒಂದು ಚೊಂಬು ನೀರೂ ಸುರ್ಕೊಳ್ಳಬಾರದು. ಯಾರು ಹೇಳಿದ್ರೂ."

"ಇಲ್ಲ ಮೇಡಂ. ಇನ್ಮೇಲೆ ಯಾರ ಮಾತೂ ನಂಬಲ್ಲ. ನೀವು ಸರಿ ಅಂದ್ರೆ ಮಾತ್ರ. ನಾನೀಗ ಅಂಗಡಿಗೆ ಹೋಗ್ಬೇಕು, ಸಂಜೆಗೆ ಬರ್ತೀನಿ."

ಕೆಳಗೆ ಇಳಿದಾಗ ಅಳಿಯ ನನಗಿಂತ ಮುಂದೆ ಹೋಗಿ, ಅಡ್ಡಾದಿಡ್ಡಿ ಬಿಟ್ಟಿದ್ದ ನನ್ನ ಚಪ್ಪಲಿಗಳನ್ನು ತಿರುಗಿಸಿ ಜೋಡಿಸಿ ಇಟ್ಟ. ನನ್ನ ವಯಸ್ಸಿಗೆ ಯಾರಾದರೂ ಹೀಗೆ ಮಾಡಿದರೆ ಸಂಕೋಚವಾಗುತ್ತದೆ, ಖುಷಿಯೂ ಆಗುತ್ತದೆ.

ಟೀಚರ ಮನೆ ಊರಿನ ಇನ್ನೊಂದು ತುದಿಯಲ್ಲಿ. ಮಧ್ಯಾಹ್ನದ ಊಟ ಮುಗಿಸಿ ಎರಡು ಬಸ್ಸು ಹತ್ತಿ ಇಳಿದೆ. ದಾರಿಯುದ್ದಕ್ಕೂ ಹುಡುಗಿ ಹೇಳಿದ ಆ ನಾಲ್ಕು ಹೊಗಳಿಕೆಗಳೇ ಕಿವಿಯಲ್ಲಿದ್ದವು. ಒಳ್ಳೇ ಮನುಷ್ಯ, ಮಾತಿಗೆ ತಪ್ಪಲ್ಲ.

ಗಂಡು ವಿಚಾರಿಸುವವರಿಗೆ ಒಂದು ನಿಯಮವಿದೆ. ಹೊಗಳುವ ಬಾಯಿಯನ್ನು ಕೇಳಬೇಡ, ಆ ಬಾಯಿಗೆ ಏನು ಸಿಕ್ಕಿದೆ ಎಂದು ನೋಡು.

"ಕಾಲು ಒರೆಸ್ಕೊಂಡು ಒಳಗೆ ಬಾ," ಎಂದರು ಟೀಚರ್ ಬಾಗಿಲು ತೆಗೆಯುತ್ತಲೇ. ಗಂಡನಿಲ್ಲ, ಮಕ್ಕಳಿಲ್ಲ. ಮೂವತ್ತು ವರ್ಷ ವಿಜ್ಞಾನ ಕಲಿಸಿ, ಕೊನೆಗೆ ಇಡೀ ಶಾಲೆಯನ್ನೇ ಹೆದರಿಸಿದ ದನಿ. ನಾನೂ ಐವತ್ತು ದಾಟಿದವಳು ಎನ್ನುವುದು ಆ ದನಿಗೆ ಲೆಕ್ಕಕ್ಕಿಲ್ಲ.

"ಬಚ್ಚಲು ರಿಪೇರಿ ಮಾಡಿಸ್ಬೇಕು ಟೀಚರ್. ಆ ನಗುಮುಖದ ಕಂಟ್ರಾಕ್ಟರ್ ನಿಮ್ಮನ್ನ ಕೇಳಿ ಅಂದ್ರು."

ಅವರ ಕಣ್ಣು ಒಂದು ಸಲ ಒಳಗಡೆಗೆ ಹೋಗಿ ಬಂತು. "ಒಳ್ಳೇ ಮನುಷ್ಯ. ಮಾತಿಗೆ ತಪ್ಪಲ್ಲ. ಕೆಲಸ ಅಚ್ಚುಕಟ್ಟು. ಕಣ್ಮುಚ್ಚಿ ಕೊಡಬಹುದು."

ಅದೇ ಮಾತು, ಅದೇ ಅನುಕ್ರಮ. ಗಿಣಿಪಾಠ. ಅವನು ಲಾಕಪ್ಪಿನಲ್ಲಿರುವ ಸುದ್ದಿ ಇನ್ನೂ ಈ ಮನೆಗೆ ತಲುಪಿರಲಿಲ್ಲ.

"ಕೆಲಸ ನೋಡಬಹುದಾ?"

ಅವರು ಒಲ್ಲದ ಮನಸ್ಸಿನಿಂದ ಬಚ್ಚಲ ಕಡೆ ನಡೆದರು.

ಬಚ್ಚಲಿಗೆ ಹೊಚ್ಚಹೊಸ ಬಾಗಿಲು. ಅದನ್ನು ತೆರೆದೇ ಇಡಲು ಬುಡದಲ್ಲಿ ಒಂದು ಇಟ್ಟಿಗೆ. ನಾನು ನಿಂತಲ್ಲೇ ನಿಂತು ನೋಡತೊಡಗಿದೆ.

ಚೌಕಟ್ಟಿನ ಬಣ್ಣ ಮಾಸಿತ್ತು, ಕೆಳಗೆ ನೀರು ಬಿದ್ದು ಉಬ್ಬಿತ್ತು. ಬಾಗಿಲಿನ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅಂದರೆ ಚೌಕಟ್ಟು ಬಹಳ ದಿನ ಒಂಟಿಯಾಗಿತ್ತು. ಅದರ ಎರಡು ಬದಿಗೂ ಮೇಲೆ ಒಂದೊಂದು ಮೊಳೆಯ ತೂತು, ತೂತಿನಿಂದ ತುಕ್ಕಿನ ಕಲೆ ಇಳಿದಿತ್ತು. ಮೊಳೆಗೆ ತಂತಿ ಕಟ್ಟಿ, ತಂತಿಗೆ ಪರದೆ ಹಾಕಿಕೊಂಡು ಈ ಹೆಂಗಸು ಸ್ನಾನ ಮಾಡಿದ್ದಾರೆ.

ಒಳಗೆ ಗೋಡೆಯಲ್ಲಿ ನಾಲ್ಕು ಬೋಲ್ಟುಗಳು ಹೊರಗೆ ಚಾಚಿದ್ದವು. ಗೀಸರ್ ಇದ್ದ ಜಾಗ ಖಾಲಿ. ನೀರಿನ ಕೊಳವೆಗೆ ಬಟ್ಟೆ ಸುತ್ತಿ ಬಿರಡೆ ಜಡಿದಿದ್ದರು. ಬಕೆಟ್ಟಿನ ಪಕ್ಕ ಅಡುಗೆಮನೆಯ ದೊಡ್ಡ ಪಾತ್ರೆ, ತಳ ಕಪ್ಪಾಗಿದ್ದು. ನೀರು ಒಲೆಯ ಮೇಲೆ ಕಾಯಿಸಿ ಹೊತ್ತು ತರುತ್ತಾರೆ.

ಕೊನೆಗೆ ಚಿಲಕ ನೋಡಿದೆ. ಅಂಗಡಿಯಲ್ಲಿ ಸುತ್ತಿಕೊಟ್ಟ ತೆಳು ಪ್ಲಾಸ್ಟಿಕ್ಕು ಇನ್ನೂ ಅದರ ಮೈಮೇಲೇ ಇತ್ತು.

ತಿಂಗಳುಗಟ್ಟಲೆ ಪರದೆಯ ಹಿಂದೆ ಸ್ನಾನ ಮಾಡಿದ ಹೆಂಗಸಿಗೆ ಕೊನೆಗೂ ಬಾಗಿಲು ಸಿಕ್ಕಿದೆ. ಅವಳು ಅದರ ಚಿಲಕವನ್ನು ಒಂದು ಸಲವೂ ಮುಟ್ಟಿಲ್ಲ.

ನಾನು ಇಟ್ಟಿಗೆಯನ್ನು ಕಾಲಲ್ಲಿ ಸರಿಸಿ, ಟೀಚರ ತೋಳು ಹಿಡಿದು ಒಳಗೆ ಎಳೆದು, ಬಾಗಿಲು ಹಾಕಿ ಚಿಲಕ ಜಡಿದೆ.

"ಏ! ಏನಿದು? ತೆಗಿ!"

"ಯಾಕೆ ಟೀಚರ್?"

"ತೆಗಿ ಅಂದ್ನಲ್ಲ! ತೆಗಿ ಬಾಗಿಲು!" ಶಾಲೆಯ ದನಿ ಹೋಗಿ ಕಿರುಚಾಟ ಬಂತು. ಅವರು ಎರಡೂ ಕೈಯಿಂದ ಚಿಲಕಕ್ಕೆ ತಡಕಾಡಿದರು. ನಾನು ಬೆನ್ನು ಕೊಟ್ಟು ನಿಂತೆ.

"ಗೀಸರೇ ಇಲ್ವಲ್ಲ ಒಳಗೆ. ಇನ್ನೇನು ಹೆದರಿಕೆ?"

ಅವರ ಕೈ ನಿಂತಿತು. ಹಣೆಯಲ್ಲಿ ಬೆವರು. ವಯಸ್ಸಾದವರನ್ನು ಹೀಗೆ ಹಿಂಸಿಸಿದ್ದಕ್ಕೆ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅಲ್ಲೊಬ್ಬಳು ಊಟ ಬಿಟ್ಟು ಕೂತಿದ್ದಳು.

"ಯಾರು ನೀನು?"

"ನೀವು ಹೊಗಳಿದ್ದನ್ನ ನಂಬಿ ಕೆಲಸ ಕೊಟ್ಟ ಮನೆಯವರ ಕಡೆಯವಳು. ಆ ಮನೇಲಿ ಒಬ್ಬರು ಸತ್ತಿದ್ದಾರೆ ಟೀಚರ್. ಇಂಥದೇ ಬಚ್ಚಲಲ್ಲಿ, ಹೊಸ ಬಾಗಿಲಿಗೆ ಹೀಗೇ ಚಿಲಕ ಹಾಕ್ಕೊಂಡು."

ಅವರು ಗೋಡೆಗೆ ಆನಿಕೊಂಡು ಹಾಗೇ ಜಾರಿ ಒದ್ದೆ ನೆಲದಲ್ಲಿ ಕೂತುಬಿಟ್ಟರು. ನಾನು ಚಿಲಕ ತೆಗೆದು ಬಾಗಿಲು ಪೂರ್ತಿ ತೆರೆದೆ. ಎತ್ತಿ ಕೂರಿಸಲಿಲ್ಲ, ನೀರೂ ಕೊಡಲಿಲ್ಲ.

"ಹೇಳಿ," ಎಂದೆ.

"ಅವನು ಯಾರ ಮನೆ ಕೆಲಸಾನೂ ಪೂರ್ತಿ ಮುಗಿಸಲ್ಲ," ಎಂದರು. "ಒಂದು ಬಾಕಿ ಇಟ್ಕೊಂಡಿರ್ತಾನೆ. ಒಬ್ಬರಿಗೆ ಅಡುಗೆಮನೆ ನಲ್ಲಿ, ಒಬ್ಬರಿಗೆ ಮೆಟ್ಟಿಲಿನ ಕಟಕಟೆ. ನನಗೆ ಬಚ್ಚಲ ಬಾಗಿಲು. ಜಗಳ ಆಡಿದೆ, ಬೇಡಿಕೊಂಡೆ. ಅವನು ನಗ್ತಾನೇ ಇದ್ದ. ನಾಳೆ ಯಾರೋ ನೋಡಕ್ಕೆ ಬರ್ತಾರೆ ಟೀಚರ್, ನಾಲ್ಕು ಒಳ್ಳೇ ಮಾತು ಹೇಳಿ, ಅವರ ಮನೆ ಕೆಲಸ ನಂಗೆ ಸಿಗ್ಲಿ, ನಿಮ್ಮ ಬಾಗಿಲು ತಾನಾಗೇ ಬರುತ್ತೆ ಅಂದ."

"ನಿಮಗೆ ಅವನನ್ನ ಹೊಗಳಿದ ಮನೆಯವರೂ..."

"ಅವರಿಗೂ ಏನೋ ಬಾಕಿ ಇತ್ತು ಅಂತ ಆಮೇಲೆ ಗೊತ್ತಾಯ್ತು."

ಎಂಥ ಸರಪಳಿ! ಒಬ್ಬರು ಕೊರಳು ಬಿಡಿಸಿಕೊಳ್ಳಬೇಕಾದರೆ ಇನ್ನೊಬ್ಬರ ಕೊರಳು ಕೊಡಬೇಕು. ಬಂದವರು ಕೊನೆಗೆ ಆರಿಸುತ್ತಿದ್ದದ್ದು ಕಂಟ್ರಾಕ್ಟರನನ್ನಲ್ಲ, ತಮಗಿಂತ ಮೊದಲು ಮೋಸ ಹೋದವರ ಸುಳ್ಳನ್ನು.

"ಪರದೆ ಕಟ್ಕೊಂಡು ಸ್ನಾನ ಮಾಡೋದು ಅಂದ್ರೆ ನಿಂಗೇನು ಗೊತ್ತು?" ಟೀಚರ್ ಸಿಟ್ಟಿನಿಂದ ನನ್ನನ್ನೇ ಗದರಿದರು. "ಅವನ ಆಳುಗಳು ಹೇಳದೆ ಕೇಳದೆ ಒಳಗೆ ಬರೋರು. ಒಬ್ಬ ನನ್ನದೇ ಶಾಲೆಯಲ್ಲಿ ಓದಿದೋನು."

"ಅದಕ್ಕೆ ಒಂದು ಪ್ರಾಣ ಕೊಟ್ಟು ಬಾಗಿಲು ತಗೊಂಡ್ರಿ."

"ನಾನು ಹೇಳಿದ್ದೆ!" ಅವರು ನೆಲಕ್ಕೆ ಕೈ ಬಡಿದರು. "ನಾನು ನಿಜ ಹೇಳಿದ್ದೆ! ಎಲ್ಲಾ ಗೊತ್ತಿದ್ದೂ ಯಾಕೆ ಮಾಡಿಸಿದ್ರು ಅವರು?"

"ಯಾರಿಗೆ ಹೇಳಿದ್ರಿ?"

"ಮನೆ ಯಜಮಾನರಿಗೆ. ಗಂಡ ಹೆಂಡತಿ ಸೇರಿ ನೋಡಕ್ಕೆ ಬಂದಿದ್ರಲ್ಲ, ಅದರ ಹಿಂದಿನ ದಿನ ಆತ ಒಬ್ಬರೇ ಬಂದಿದ್ರು. ಎಷ್ಟು ವಿನಯ! ಚಪ್ಪಲಿ ಬಿಟ್ಟು, ಪಕ್ಕದಲ್ಲಿ ಬಿದ್ದಿದ್ದ ನನ್ನ ಚಪ್ಪಲೀನೂ ನೆಟ್ಟಗೆ ಮಾಡಿಟ್ರು. ಅಂಥ ಮನುಷ್ಯನಿಗೆ ಸುಳ್ಳು ಹೇಳಕ್ಕೆ ನಾಲಿಗೆ ಬರಲಿಲ್ಲ. ಎಲ್ಲಾ ಹೇಳಿಬಿಟ್ಟೆ."

"ಏನು ಹೇಳಿದ್ರಿ? ಒಂದೂ ಬಿಡಬೇಡಿ."

"ಇವನಿಗೆ ಕೊಡಬೇಡಿ ಅಂದೆ. ಹೊಗೆಕೊಳವೆ ಹೊರಗೇ ಹೋಗಿಲ್ಲ ಅಂದೆ. ಒಂದು ದಿನ ಸ್ನಾನ ಮಾಡ್ತಾ ಮಾಡ್ತಾ ತಲೆ ಸುತ್ತಿ ಬಿದ್ದೆ. ಪರದೆ ಸಮೇತ ಬಿದ್ದೆ, ತಲೆ ಹೊಸಿಲಾಚೆ, ಮೈ ಈಚೆ. ಹೊರಗಿನ ಗಾಳಿ ಮೂಗಿಗೆ ಬಡೀತು, ಎಚ್ಚರ ಆಯ್ತು. ಬಾಗಿಲು ಇಲ್ಲದ್ದಕ್ಕೇ ಬದುಕಿಕೊಂಡೆ ಅಂತ ಅವರಿಗೆ ಹೇಳಿದೆ."

"ಅದಕ್ಕೆ?"

ಟೀಚರ್ ತಮ್ಮ ಕೈಗಳನ್ನೇ ನೋಡಿಕೊಂಡರು. "ಬಾಗಿಲು ಇದ್ದಿದ್ರೆ ಏನಾಗ್ತಿತ್ತು ಟೀಚರ್ ಅಂತ ಕೇಳಿದ್ರು."

ನಾನು ಅವರೆದುರು ಕುಕ್ಕರಗಾಲಲ್ಲಿ ಕೂತೆ.

"ನಾನು ವಿವರಿಸಿದೆ. ವಾಸನೆ ಬರಲ್ಲ, ಕಣ್ಣಿಗೆ ಕಾಣಲ್ಲ, ನಿದ್ದೆ ಬಂದ ಹಾಗೆ ಆಗುತ್ತೆ ಅಂತ ಹೇಳಿದೆ. ಬಾಗಿಲು ಬರೀ ಮುಂದೆ ಮಾಡಿದ್ರೆ ಅಂತ ಕೇಳಿದ್ರು. ಸಂದಿಯಿಂದ ಗಾಳಿ ಆಡುತ್ತೆ, ಕೈಲಿ ತಳ್ಳಿದ್ರೆ ಹೊರಗೆ ಬೀಳಬಹುದು, ಬದುಕಬಹುದು ಅಂದೆ. ಚಿಲಕ ಹಾಕಿದ್ರೆ ಅಂದ್ರು. ಹಾಕಿದ್ರೆ ಅಷ್ಟೇ ಅಂದೆ." ಅವರು ಸೆರಗಿನಿಂದ ಹಣೆ ಒರೆಸಿಕೊಂಡರು. "ಎಷ್ಟೋ ವರ್ಷ ಆದ್ಮೇಲೆ ಒಬ್ಬ ಹುಡುಗ ಗಮನ ಕೊಟ್ಟು ಪಾಠ ಕೇಳಿದ ಹಾಗಿತ್ತು. ಖುಷಿಯಾಗಿ ಹೇಳ್ದೆ."

ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಸಂಜೆಯ ಬಿಸಿಲು ನಡುಮನೆಯ ನೆಲಕ್ಕೆ ಬಂದಿತ್ತು.

"ಇಷ್ಟೆಲ್ಲ ಹೇಳಿ, ಮಾರನೇ ದಿನ ಆ ಹುಡುಗಿ ಎದುರಿಗೆ ಹೊಗಳಿದ್ರಿ."

"ಅವರೇ ಕೇಳ್ಕೊಂಡ್ರು. ನೀವು ಹೇಳಿದ್ದು ಒಳ್ಳೇದಾಯ್ತು ಟೀಚರ್, ನಾವು ಬೇರೆಯವರನ್ನ ನೋಡ್ಕೋತೀವಿ, ಆದ್ರೆ ನನ್ನ ಹೆಂಡ್ತಿ ತುಂಬ ಹೆದರ್ತಾಳೆ, ಅವಳೆದುರು ಇದೆಲ್ಲ ಬೇಡ, ಸುಮ್ನೆ ಹೊಗಳಿಬಿಡಿ, ನಿಮಗೂ ಬಾಗಿಲು ಸಿಕ್ಕ ಹಾಗಾಗುತ್ತೆ ಅಂದ್ರು." ಅವರು ನನ್ನನ್ನು ನೋಡಿದರು. ಆ ಕಣ್ಣಲ್ಲಿ ಮೊದಲ ಸಲ ಬೇಡಿಕೆ ಇತ್ತು. "ಮನೆ ಗಂಡಸಿಗೆ ಹೇಳಿದೀನಲ್ಲ, ಇನ್ನು ಅವರ ಪಾಡು ಅವರಿಗೆ ಅಂದ್ಕೊಂಡೆ. ಅವರಿಗೆ ಗೊತ್ತಿತ್ತಲ್ಲ. ಅದಕ್ಕೇ ಅವಳೆದುರು ಸುಳ್ಳು ಹೇಳೋದು ಸಲೀಸಾಯ್ತು. ಬಚ್ಚಲ ಕಡೆ ಬಿಡದೆ ನಡುಮನೇಲೇ ಮಾತಾಡಿ ಕಳಿಸಿದೆ. ನನ್ನ ತಪ್ಪೇನು, ನೀನೇ ಹೇಳು?"

"ನಿಮ್ಮ ತಪ್ಪು ನಿಮ್ಮ ಚಿಲಕಕ್ಕೆ ಗೊತ್ತು," ಎಂದೆ. "ಅದರ ಪ್ಲಾಸ್ಟಿಕ್ಕು ನೀವು ಸಾಯೋವರೆಗೂ ಬಿಚ್ಚಲ್ಲ."

ಅವರು ಅತ್ತರು. ಅಳಲಿ ಎಂದು ಬಿಟ್ಟೆ.

ಎಲ್ಲ ಒಂದೊಂದಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು. ಕೊಲೆಗಾರ ಚೂರಿ ಹುಡುಕುತ್ತಾನೆ, ವಿಷ ಹುಡುಕುತ್ತಾನೆ. ಇವನು ಒಬ್ಬ ಕೆಟ್ಟ ಕಂಟ್ರಾಕ್ಟರನನ್ನು ಹುಡುಕಿದ. ಜನ ಒಳ್ಳೆಯವನಿಗಾಗಿ ಹೇಗೆ ಮನೆಮನೆ ತಿರುಗಿ ವಿಚಾರಿಸುತ್ತಾರೋ ಹಾಗೆ ವಿಚಾರಿಸಿ, ಕೆಟ್ಟವನೇ ಎಂದು ಖಾತ್ರಿ ಮಾಡಿಕೊಂಡು, ನೀನೇ ಆರಿಸು ಎಂದು ಹೆಂಡತಿಯ ಮುಂದೆ ಇಟ್ಟ. ಅವಳೇ ಆರಿಸುವಂತೆ ಮಾಡಿದ. ತಾನು ಮಾಡಬೇಕಾದದ್ದು ಎರಡೇ ಉಳಿಯಿತು: ಗೀಸರ್ ಹಚ್ಚುವುದು, ಮತ್ತು ಎಂದೂ ಚಿಲಕ ಹಾಕದ ಮುದುಕಿಗೆ, ಕೆಲಸದವರು ಓಡಾಡ್ತಿದ್ದಾರೆ ಅಮ್ಮಾ, ಚಿಲಕ ಹಾಕ್ಕೊಳ್ಳಿ ಎಂದು ಒಂದು ಮಾತು ಹೇಳುವುದು.

ಅದಾದ ಮೇಲೆ ದಿನಾ ಅವಳ ಹೆಗಲ ಮೇಲೆ ಕೈ ಇಟ್ಟು, ಆರಿಸಿದ್ದು ನೀನೇ ಆದ್ರೂ ನಿನ್ನ ತಪ್ಪಲ್ಲ ಕಣೇ ಎಂದು ಒಂದೊಂದು ಮೊಳೆ ಹೊಡೆಯುವುದು. ಥೂ!

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸತ್ತಾಕೆಯ ಮನೆ ಈಗ ಮಗಳದು. ಮಗಳ ನಂತರ?

ಬಡಗಿ ಇವತ್ತೇ ಬಾಗಿಲು ತರುತ್ತಾನೆ ಎಂದಿದ್ದ. ರೆಗ್ಯುಲೇಟರ್ ಮೊಳೆಯ ಮೇಲಿತ್ತು, ಕೈಗೆಟುಕುವಷ್ಟು ಹತ್ತಿರ. ತಾಯಿಯ ಕೊರಗಿನಲ್ಲಿ ಊಟ ಬಿಟ್ಟ ಹೆಂಗಸು ತಾಯಿಯ ಹಾಗೇ ಸತ್ತರೆ ಯಾರು ತಾನೇ ಅನುಮಾನ ಪಟ್ಟಾರು? ಬೇಕೆಂದೇ ಮಾಡಿಕೊಂಡಳು ಎನ್ನುತ್ತಾರೆ. ಬೀದಿಯವರೆಲ್ಲ ಗಂಡನ ಕಣ್ಣೀರು ಒರೆಸುತ್ತಾರೆ.

ಆದರೆ ಅವಳು ಹೋಗುವುದಿಲ್ಲ. ನನ್ನ ಮಾತಿಲ್ಲದೆ ಹೋಗುವುದಿಲ್ಲ ಎಂದಿದ್ದಾಳೆ. ಯಾರ ಮಾತೂ ನಂಬಲ್ಲ, ನೀವು ಸರಿ ಅಂದ್ರೆ ಮಾತ್ರ ಎಂದಿದ್ದಾಳೆ.

ಅವನ ಎದುರಿಗೇ ಎಂದಿದ್ದಾಳೆ.

ಹುಡುಗಿಯ ನಂಬರು ಒತ್ತಿದೆ, ಎರಡು ಸಲ ತಪ್ಪಿತು. ಮೂರನೇ ಸಲ ಗಂಟೆ ಹೊಡೆಯಿತು. ಎತ್ತಮ್ಮಾ ಎಂದೆ ಗಟ್ಟಿಯಾಗಿ. ನೆಲದಲ್ಲಿ ಕೂತಿದ್ದ ಟೀಚರ್ ಅಳು ನಿಲ್ಲಿಸಿ ನನ್ನ ಮುಖ ನೋಡಿದರು. ನಿನ್ನ ತಪ್ಪಲ್ಲ, ನೀನು ಕೊಂದಿಲ್ಲ, ಈಗಿಂದೀಗಲೇ ಆ ಮನೆಯಿಂದ ಹೊರಗೆ ಬಾ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು.

ಫೋನು ಎತ್ತಿದರು.

"ಅಮ್ಮಾ, ಕೇಳಿಲ್ಲಿ, ನೀನು..."

"ಮೇಡಂ, ನಮಸ್ಕಾರ," ಎಂದ ಅಳಿಯ. ಅದೇ ಮೆತ್ತನೆಯ ದನಿ. "ಅವಳ ಫೋನು ನನ್ನ ಹತ್ರ ಇದೆ. ಇವತ್ತು ನೆಮ್ಮದಿಯಾಗಿದ್ದಾಳೆ. ಎಲ್ಲಾ ನಿಮ್ಮಿಂದ."

"ಫೋನ್ ಅವಳಿಗೆ ಕೊಡಿ."

"ಕೊಡಕ್ಕಾಗಲ್ಲ ಮೇಡಂ. ಕಂಪನಿಯವರು ಬಂದು ಪೈಪ್ ಸರಿಮಾಡಿದ್ರು ಅಂದೆ, ಒಪ್ಪಲಿಲ್ಲ. ಮೇಡಂ ಬಂದು ನೋಡಿ ಸರಿ ಅಂದ್ರು, ನೀನು ಅಂಗಡೀಲಿದ್ದೆ ಅಂದೆ. ತಕ್ಷಣ ಒಪ್ಪಿದ್ಳು. ನಿಮ್ಮ ಮೇಲೆ ಅಷ್ಟು ನಂಬಿಕೆ."

"ನಾನು ಟೀಚರ ಮನೇಲಿದೀನಿ," ಎಂದೆ. "ಎಲ್ಲಾ ಗೊತ್ತಾಗಿದೆ. ಅವಳಿಗೇನಾದ್ರೂ ಆದ್ರೆ ನಿನ್ನ ಬಿಡಲ್ಲ ನಾನು."

ಅವನ ಹಿಂದೆ ನೀರು ಬೀಳುವ ಸದ್ದು ಶುರುವಾಯಿತು. ಆಮೇಲೆ ಅವನು ಫೋನು ಸ್ವಲ್ಪ ದೂರ ಹಿಡಿದು, ಪ್ರೀತಿಯಿಂದ, ನನಗೂ ಕೇಳುವಷ್ಟು ಗಟ್ಟಿಯಾಗಿ ಕೂಗಿದ.

"ಏನೇ, ಬಡಗಿ ಇನ್ನೂ ಕೆಳಗೇ ಇದಾನೆ. ಚಿಲಕ ಹಾಕ್ಕೊಂಡ್ಯಾ?"

ನಾನು ಬೇಡ ಎಂದು ಕಿರುಚಿದೆ. ಟೀಚರೂ ಕಿರುಚಿದರು. ಹೊಸ ಬಾಗಿಲಿನ ಹಿಂದಿನಿಂದ, ನೀರಿನ ಸದ್ದಿನ ನಡುವೆ, ಎಷ್ಟೋ ದಿನದ ಮೇಲೆ ಹಗುರಾದ ದನಿಯೊಂದು ಉತ್ತರ ಕೊಟ್ಟಿತು.

"ಹಾಕ್ಕೊಂಡೆ ರೀ. ಫೋನಲ್ಲಿ ಮೇಡಮ್ಮಾ? ಥ್ಯಾಂಕ್ಸ್ ಹೇಳಿ ಅವರಿಗೆ."